ಐದು ತಿಂಗಳ ಮಗುವನ್ನು ಕಾಸರಗೋಡು ಪೇಟೆಯಲ್ಲಿ ಯಾರ ಹತ್ತಿರ ಬಿಟ್ಟು ಹೋಗುವುದು?

ವಿದ್ಯಾನಗರದ ಬಾಣಂತಿ, ಮೇ 11

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಉಂಟು, ಬೇಜಾರು ಮಾಡಬೇಡಿ. ಮಗು ಮಲಗಿದ ಹೊತ್ತು ನೋಡಿ ಮೂರು ಸಲಕ್ಕೆ ಬರೆದದ್ದು.

ಮಗಳಿಗೆ ನಿನ್ನೆಗೆ ನಾಲ್ಕು ತಿಂಗಳು ತುಂಬಿತು. ಜೂನ್ 20ಕ್ಕೆ ನಾನು ಕೆಲಸಕ್ಕೆ ಹಾಜರಾಗಬೇಕು. 26 ವಾರದ ರಜೆಯಲ್ಲಿ ಮೂರು ವಾರ ಹೆರಿಗೆಗೆ ಮೊದಲೇ ಹೋಯಿತು. ಕಾಲು ಬಾತು ರೈಲಿನ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ, ಏನು ಮಾಡುವುದು. ಕೆಲಸ ಮಂಗಳೂರಿನಲ್ಲಿ, ಒಂದು ಖಾಸಗಿ ಕಂಪೆನಿಯ ಅಕೌಂಟ್ಸ್ ವಿಭಾಗ. ಗಂಡನಿಗೆ ಇಲ್ಲೇ ಸಿವಿಲ್ ಸ್ಟೇಷನ್ನಿನಲ್ಲಿ, ಅಂದರೆ ಸರಕಾರಿ ಕಚೇರಿಗಳು ಇರುವಲ್ಲಿ. ಹಾಗಾಗಿ ವಿದ್ಯಾನಗರದಲ್ಲಿ ಬಾಡಿಗೆ ಮನೆ.

ನಾನು ಬೆಳಗ್ಗೆ ಏಳಕ್ಕೆ ಮನೆ ಬಿಟ್ಟರೆ ಸಂಜೆ ಒಳಗೆ ಕಾಲಿಡುವಾಗ ಏಳು ಆಗುತ್ತದೆ, ಅದೂ ರೈಲು ಸರಿ ಇದ್ದರೆ. ಇವರ ಆಫೀಸು ಹತ್ತರಿಂದ ಐದು. ಒಂಬತ್ತೂವರೆಯ ತನಕ ಮತ್ತು ಐದೂವರೆಯ ನಂತರ ಅಪ್ಪನೇ ನೋಡಿಕೊಳ್ಳಬಹುದು. ನಡುವಿನ ಎಂಟು ಗಂಟೆಯದ್ದೇ ತಲೆಬಿಸಿ. ತಿಂಗಳಲ್ಲಿ ನಾಲ್ಕೈದು ದಿನ ಇವರಿಗೆ ಹೊಸದುರ್ಗದ (ನಮ್ಮ ಜಿಲ್ಲೆಯದ್ದೇ, ಕಾಞಂಗಾಡಿನ ಹತ್ತಿರ) ಕಡೆ ಹೋಗಲಿಕ್ಕೆ ಇರುತ್ತದೆ. ಆ ದಿನಗಳು ಇನ್ನೂ ಕಷ್ಟ.

ಅಜ್ಜಿಯಂದಿರು ಇಲ್ವಾ ಅಂತ ಕೇಳುತ್ತೀರಿ. ಇದ್ದಾರೆ. ನನ್ನ ಅಮ್ಮ ಪುತ್ತೂರಿನಲ್ಲಿ, ಆದರೆ ಅಪ್ಪ ಎರಡು ವರ್ಷದಿಂದ ಹಾಸಿಗೆಯಲ್ಲಿದ್ದಾರೆ. ಅತ್ತೆಯ ಮನೆ ಮುಳ್ಳೇರಿಯದಿಂದಲೂ ಒಳಗೆ. ಎರಡು ದನ, ಅಡಿಕೆ ತೋಟ, ಮಾವನ ಸಕ್ಕರೆ ಕಾಯಿಲೆ. "ಮಗುವನ್ನು ಇಲ್ಲಿ ಬಿಡಿ, ಶನಿವಾರ ಆದಿತ್ಯವಾರ ಬಂದು ನೋಡಿ" ಅನ್ನುತ್ತಾರೆ. ಪ್ರೀತಿಯಿಂದಲೇ ಹೇಳುವುದು. ಇವರು ಹೂಂ ಅಂದರು. ನಾನು ಆ ರಾತ್ರಿ ಊಟ ಮಾಡಲಿಲ್ಲ.

ಮೂರು ಕಡೆ ವಿಚಾರಿಸಿ ಆಗಿದೆ. ಪೇಟೆಯಲ್ಲಿ ಒಂದು ಡೇ ಕೇರ್, ಮಹಡಿಯ ಮೇಲೆ. ಹೆಸರು ಬೇಡ. ಹದಿನೈದು ಮಕ್ಕಳು, ಇಬ್ಬರು ಆಯಾ. ನೆಲ ಶುಭ್ರ ಇತ್ತು, ಫಿನಾಯಿಲ್ ವಾಸನೆ ಮೆಟ್ಟಿಲಿನ ತನಕ ಬರುತ್ತಿತ್ತು. ಟಿವಿಯಲ್ಲಿ ಕಾರ್ಟೂನ್ ಓಡುತ್ತಿತ್ತು, ನೋಡುವವರು ಯಾರೂ ಇಲ್ಲ. ಒಂದೂವರೆ ವರ್ಷದ ಒಬ್ಬ ಹುಡುಗ ತನ್ನ ಚಪ್ಪಲಿಗಳನ್ನು ಎರಡು ಕೈಯಲ್ಲಿ ಹಿಡಿದುಕೊಂಡು ಗ್ರಿಲ್ ಹತ್ತಿರ ನಿಂತಿದ್ದ. ನಾನು ಅಲ್ಲಿ ಇದ್ದ ಇಪ್ಪತ್ತು ನಿಮಿಷವೂ ಹಾಗೆಯೇ ನಿಂತಿದ್ದ. ಅಳುತ್ತಿರಲಿಲ್ಲ. ಹೊರಡಲು ತಯಾರಾಗಿ ನಿಂತ ಹಾಗೆ. ಅತ್ತರೆ ಏನು ಮಾಡುತ್ತೀರಿ ಅಂತ ಕೇಳಿದೆ. "ಅಳುವುದಿಲ್ಲ ಮೇಡಂ, ಅಭ್ಯಾಸ ಆಗುತ್ತದೆ" ಅಂದರು.

ಇನ್ನೊಂದು ಕಡೆ ಒಳಗೇ ಬಿಡಲಿಲ್ಲ. ನಡೆಯಲು ಶುರು ಮಾಡಿದ ಮೇಲೆ ಬನ್ನಿ ಅಂದರು.

ಮೂರನೆಯದು ಹೋಮ್ ನರ್ಸ್ ಕಳಿಸುವ ಏಜೆನ್ಸಿ. ಮನೆಯಲ್ಲೇ ಇರುವ ಹೆಂಗಸು, ತಿಂಗಳಿಗೆ 22 ಸಾವಿರ, ಊಟ ವಸತಿ ನಮ್ಮದು, ಏಜೆನ್ಸಿಗೆ ಬೇರೆ. ಮೂರು ತಿಂಗಳಿಗೊಮ್ಮೆ ಆಳು ಬದಲಾಗಬಹುದಂತೆ. ನನ್ನ ಕೈಗೆ ಸಿಗುವುದು 31 ಸಾವಿರ. ಲೆಕ್ಕ ನನ್ನ ಕೆಲಸವೇ ಅಲ್ವಾ, ಬಸ್ಸು ರಿಕ್ಷಾ ರೈಲಿನ ಸೀಸನ್ ಟಿಕೆಟ್ ಕಳೆದರೆ ಉಳಿಯುವುದನ್ನು ಇಲ್ಲಿ ಬರೆಯುವುದಿಲ್ಲ.

ಇನ್ನೊಂದು ವಿಷಯ, ಸಣ್ಣದು ಅನಿಸಬಹುದು. ಸಿಗುವವರೆಲ್ಲ ಮಲಯಾಳ ಮಾತಾಡುವವರು. ನನಗೆ ಕೇಳಿದರೆ ಅರ್ಥ ಆಗುತ್ತದೆ, ಮಾತಾಡಿದರೆ ಜನ ನಗುತ್ತಾರೆ. ಓದಲು ಬರುವುದಿಲ್ಲ. ಮಗಳು ದಿನಕ್ಕೆ ಎಂಟು ಗಂಟೆ ಮಲಯಾಳ ಕೇಳಿ ಬೆಳೆದರೆ ಮೊದಲ ಮಾತು ಯಾವುದು? ಅತ್ತೆಗೆ ಇದೇ ದೊಡ್ಡ ಚಿಂತೆ. ನನಗೂ ಸ್ವಲ್ಪ ಇದೆ, ಸುಳ್ಳು ಯಾಕೆ ಹೇಳಲಿ.

ನೀವೆಲ್ಲ ಏನು ಮಾಡಿದಿರಿ?

—

ಕುಂಬಳೆ ಟೀಚರ್, ಮೇ 11

ತಂಗೀ, ನಾನು ಅಂಗನವಾಡಿಯಲ್ಲಿ ಇದ್ದು ರಿಟೈರ್ ಆದವಳು. ಮೊದಲು ಅಂಗನವಾಡಿಯ ಮಾತು ಮುಗಿಸುತ್ತೇನೆ. ಕೂತು ಕಲಿಯುವ ಮಕ್ಕಳಿಗೆ ಮೂರು ವರ್ಷ ಆಗಬೇಕು. ಬೆಳಗ್ಗೆ ಒಂಬತ್ತೂವರೆಯಿಂದ ಮೂರೂವರೆ. ನಿಮಗೆ ಈಗ ಅದರಿಂದ ಪ್ರಯೋಜನ ಇಲ್ಲ. ಆದರೆ ಮಗುವಿನ ಹೆಸರು ಈಗಲೇ ಬರೆಸಿ. ಆರು ತಿಂಗಳು ತುಂಬಿದ ಮೇಲೆ ಮೂರು ವರ್ಷದ ತನಕ ಅಮೃತಂ ನ್ಯೂಟ್ರಿಮಿಕ್ಸ್ ಹುಡಿ ಮನೆಗೆ ಸಿಗುತ್ತದೆ. ಕುಡುಂಬಶ್ರೀ ಅಂತ ಇಲ್ಲಿಯ ಸ್ವಸಹಾಯ ಸಂಘದ ಹೆಂಗಸರು ಗೋಧಿ, ಕಡಲೆ, ಸೋಯಾ, ನೆಲಗಡಲೆ ಹಾಕಿ ಮಾಡುವುದು. ಬಾಡಿಗೆ ಮನೆ ಅಂತ ಸಂಕೋಚ ಬೇಡ.

ಕೆಲವು ಅಂಗನವಾಡಿಗಳಲ್ಲಿ ಈಗ ಕ್ರೆಷ್ (ಶಿಶುಪಾಲನಾ ಕೇಂದ್ರ) ಕೂಡ ಸೇರಿಸಿದ್ದಾರೆ. ಕೇಂದ್ರದ ಪಾಲ್ನಾ ಯೋಜನೆಯದ್ದು. ಅಲ್ಲಿ ಆರು ತಿಂಗಳಿನಿಂದ ಆರು ವರ್ಷದ ತನಕ ತೆಗೆದುಕೊಳ್ಳುತ್ತಾರೆ, ದಿನಕ್ಕೆ ಏಳೂವರೆ ಗಂಟೆ. ನಿಮ್ಮ ಹತ್ತಿರ ಉಂಟಾ ಅಂತ ಅಂಗನವಾಡಿಗಳನ್ನು ನಡೆಸುವ ಐಸಿಡಿಎಸ್ ಆಫೀಸಿನಲ್ಲಿ ಕೇಳಿ. ಫೋನ್ ಮಾಡಿದರೆ ಯಾರೂ ಸರಿಯಾಗಿ ಹೇಳುವುದಿಲ್ಲ, ಮಗುವನ್ನು ಎತ್ತಿಕೊಂಡೇ ಹೋಗಿ.

ಇನ್ನು ಡೇ ಕೇರ್ ನೋಡುವುದಾದರೆ ಬೆಳಗ್ಗೆ ಹನ್ನೊಂದಕ್ಕೆ ಹೋಗಬೇಡಿ. ಆಗ ಎಲ್ಲ ಕಡೆಯೂ ಚಂದ. ಮಧ್ಯಾಹ್ನ ಮೂರೂವರೆಗೆ ಹೋಗಿ. ಮಕ್ಕಳು ನಿದ್ದೆಯಿಂದ ಏಳುವ ಹೊತ್ತು, ಒಬ್ಬರಿಗೆ ಉಚ್ಚೆ, ಒಬ್ಬರಿಗೆ ಹಸಿವು, ಆಯಾಂದಿರಿಗೆ ಸುಸ್ತು. ಆಗ ಮಗುವನ್ನು ಹೇಗೆ ಎತ್ತುತ್ತಾರೆ ನೋಡಿ. ಎತ್ತುವ ಮೊದಲು ಮಗುವಿನ ಹತ್ತಿರ ಒಂದು ಮಾತಾಡುತ್ತಾರಾ, ಅಥವಾ ಅಕ್ಕಿ ಗೋಣಿ ಎತ್ತಿದ ಹಾಗೆ ಎತ್ತುತ್ತಾರಾ. ನಾನು ಹೊಸ ಸಹಾಯಕಿ ಬಂದಾಗ ನೋಡುತ್ತಿದ್ದದ್ದು ಇದೊಂದೇ. ಸರ್ಟಿಫಿಕೇಟ್ ಆಮೇಲೆ.

ನಿಮ್ಮ ವಾರ್ಡಿನ ಆಶಾ ಕಾರ್ಯಕರ್ತೆಯ ಪರಿಚಯ ಮಾಡಿಕೊಳ್ಳಿ. ಯಾರ ಮನೆಯಲ್ಲಿ ಯಾರಿಗೆ ಕೆಲಸ ಬೇಕು, ಯಾರ ಕೈ ಒಳ್ಳೆಯದು, ಯಾರ ಗಂಡ ಕುಡಿಯುತ್ತಾನೆ, ಎಲ್ಲ ಅವರಿಗೆ ಗೊತ್ತಿರುತ್ತದೆ.

—

ಉಪ್ಪಳದ ರೈಲಮ್ಮ, ಮೇ 12

ನಿಮ್ಮ ಪೋಸ್ಟ್ ಓದಿ ನಾಲ್ಕು ವರ್ಷ ಹಿಂದೆ ಹೋದೆ. ನಾನೂ ಮಂಗಳೂರಿಗೆ ಹೋಗಿ ಬರುವವಳೇ. ನಾನು ಮಾಡಿದ ತಪ್ಪು ಹೇಳುತ್ತೇನೆ. ಮಗುವನ್ನು ಆಫೀಸಿನ ಹತ್ತಿರದ ಕ್ರೆಷ್‌ನಲ್ಲಿ ಬಿಡುವುದು ಅಂತ ರೈಲಿನಲ್ಲಿ ಕರೆದುಕೊಂಡು ಹೋದೆ. ಮಧ್ಯಾಹ್ನ ಹಾಲು ಕುಡಿಸಿ ಬರಬಹುದಲ್ಲಾ ಅಂತ. ಕೇಳಲು ಚಂದ. ಜುಲೈ ತಿಂಗಳು, ಒಂದು ಕೈಯಲ್ಲಿ ಕೊಡೆ, ಒಂದು ಹೆಗಲಲ್ಲಿ ಚೀಲ, ಎದೆಗೆ ಮಗು. ಲೇಡೀಸ್ ಬೋಗಿಯಲ್ಲಿ ಸೀಟು ಬಿಟ್ಟುಕೊಡುತ್ತಿದ್ದರು, ಅದರಲ್ಲಿ ಏನೂ ಹೇಳುವ ಹಾಗಿಲ್ಲ. ಆದರೆ ಕಿಟಕಿ ಹಾಕಿದರೆ ಸೆಕೆ, ತೆಗೆದರೆ ಎರಚಲು. ಎಲ್ಲರೂ ಕೆನ್ನೆ ಮುಟ್ಟುವವರೇ. ಹನ್ನೊಂದು ದಿನ ನಡೆಯಿತು. ಹನ್ನೆರಡನೆಯ ದಿನ ಮಗುವಿಗೆ ಕಫ ಕಟ್ಟಿ ಆಸ್ಪತ್ರೆ.

ಆಮೇಲೆ ಮನೆಯ ಹತ್ತಿರದ ಒಬ್ಬರು ಇತ್ತಾ (ಮುಸ್ಲಿಂ ಅಕ್ಕಂದಿರನ್ನು ಇಲ್ಲಿ ಹಾಗೆ ಕರೆಯುವುದು) ನೋಡಿಕೊಂಡರು. ಅವರ ಸೊಸೆ ಗಲ್ಫಿನಲ್ಲಿ, ಮೊಮ್ಮಕ್ಕಳೂ ಅಲ್ಲೇ. ಖಾಲಿ ಮನೆ. ಈಗಲೂ ನನ್ನ ಮಗ ಶಾಲೆಯಿಂದ ಬಂದರೆ ಮೊದಲು ಹೋಗುವುದು ಅಲ್ಲಿಗೆ.

ಮುಖ್ಯ ಸಂಗತಿ ಹಾಲು. ನೀವು ಹೋಗುವಾಗ ಮಗುವಿಗೆ ಆರು ತಿಂಗಳು ಆಗಿರುವುದಿಲ್ಲ, ಅಂದರೆ ಮೂರು ವಾರ ಬರೀ ಹಾಲಿನಲ್ಲೇ ಇರಬೇಕು. ಹಿಂಡಿದ ಎದೆಹಾಲು ಹೊರಗೆ ನಾಲ್ಕು ಗಂಟೆ ಅನ್ನುತ್ತಾರೆ, ಅದು 25 ಡಿಗ್ರಿಯ ಲೆಕ್ಕ, ನಮ್ಮ ಸೆಕೆಗೆ ಅಷ್ಟು ಹೊತ್ತು ಇಡಬೇಡಿ. ಫ್ರಿಜ್ಜಿನ ಒಳಗೆ ನಾಲ್ಕು ದಿನ ಇಡಬಹುದು, ಬಾಗಿಲಿನಲ್ಲಿ ಅಲ್ಲ, ಹಿಂದೆ. ಬೆಚ್ಚಗೆ ಮಾಡುವುದು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟು. ಒಲೆಯ ಮೇಲೆ ಇಡಬೇಡಿ ಅಂತ ನೋಡಿಕೊಳ್ಳುವವರಿಗೆ ಎರಡು ಸಲ ಹೇಳಿ. ದನದ ಹಾಲು ಕಾಯಿಸಿದ ಅಭ್ಯಾಸ ಇರುತ್ತದೆ, ಕೈ ತಾನಾಗಿ ಒಲೆ ಹಚ್ಚುತ್ತದೆ.

ಬಾಟಲಿ ಬೇಡ ಅನಿಸಿದರೆ ಮಗುವಿಗೆ ಹಾಲು ಕುಡಿಸುವ ಒಳಲೆ ಇದೆಯಲ್ಲಾ. ನನ್ನ ಮಗ ಬಾಟಲಿಯ ರಬ್ಬರ್ ಬಾಯಿಗೆ ತಾಗಿದರೆ ವಾಕರಿಸುತ್ತಿದ್ದ. ಅಜ್ಜಿಯ ಕಾಲದ ಹಿತ್ತಾಳೆ ಒಳಲೆ ಅಟ್ಟದಲ್ಲಿ ಇತ್ತು, ಅದು ಬೇಡ ಅಂತ ಸ್ಟೀಲಿನದ್ದು ತಂದೆ. ಅಂಗಡಿಯಲ್ಲಿ ಪಾಲಾಡ ಅಂತ ಕೇಳಿ. ಇವತ್ತಿನಿಂದಲೇ ದಿನಕ್ಕೆ ಒಂದು ಸಲ ಅದರಲ್ಲಿ ಕುಡಿಸಿ, ಮತ್ತು ಕುಡಿಸುವುದು ನೀವಲ್ಲ, ಮಗುವಿನ ಅಪ್ಪ. ನೀವು ಎದುರಿಗೆ ಇದ್ದರೆ ಅದು ಒಳಲೆಯನ್ನು ಯಾಕೆ ಮುಟ್ಟುತ್ತದೆ?

—

ಹಳೆಮನೆ ರಾಯರು, ಮೇ 12

ಇಷ್ಟೆಲ್ಲ ರಗಳೆ ಯಾಕೆ? 31 ಸಾವಿರಕ್ಕಾಗಿ ಹಸುಳೆಯನ್ನು ಕಂಡವರ ಕೈಗೆ ಕೊಡುವುದಾ? ನಮ್ಮ ಕಾಲದಲ್ಲಿ ಹೆಂಗಸರು ಹತ್ತು ಮಕ್ಕಳನ್ನು ಸಾಕಿದ್ದಾರೆ. ಎರಡು ವರ್ಷ ಕೆಲಸ ಬಿಡಿ.

—

ವಿದ್ಯಾನಗರದ ಬಾಣಂತಿ, ಮೇ 12

ರಾಯರೇ, ಹತ್ತು ಮಕ್ಕಳನ್ನು ಸಾಕಿದ್ದು ಒಬ್ಬರೇ ಅಲ್ಲ. ದೊಡ್ಡಮ್ಮ, ಚಿಕ್ಕಮ್ಮ, ಅತ್ತೆ, ಕೆಲಸದವರು, ಮತ್ತೆ ಮೊದಲ ಮೂರು ಮಕ್ಕಳು. ಆ ಮನೆಯನ್ನು ಹುಡುಕಿ ಕೊಡಿ, ನಾಳೆಯೇ ಹೋಗುತ್ತೇನೆ. ಅಪ್ಪನ ಔಷಧಿ ನನ್ನ ಸಂಬಳದಿಂದಲೇ ಬರುವುದು, ಅದನ್ನು ಪೋಸ್ಟಿನಲ್ಲಿ ಬರೆದಿರಲಿಲ್ಲ.

ಟೀಚರ್, ರೈಲಮ್ಮ ಅಕ್ಕ, ತುಂಬಾ ಉಪಕಾರ. ಒಳಲೆ ತಂದಾಯಿತು. ಮೊದಲ ದಿನ ಅರ್ಧ ಹಾಲು ಇವರ ಲುಂಗಿಗೆ.

—

ಸಂಬಳದ ಗುಮಾಸ್ತ, ಮಂಜೇಶ್ವರ, ಮೇ 13

ನಾನು ಮಂಗಳೂರಿನಲ್ಲಿ ಬೇರೆ ಬೇರೆ ಕಂಪೆನಿಗಳ ಸಂಬಳ, ಪಿಎಫ್ ನೋಡುವ ಕೆಲಸದಲ್ಲಿ ಇದ್ದೇನೆ. ನಿಮ್ಮ ಕಂಪೆನಿಯಲ್ಲಿ ಎಷ್ಟು ಜನ ಅಂತ ನೀವು ಹೇಳಲಿಲ್ಲ. 50 ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕ್ರೆಷ್ ವ್ಯವಸ್ಥೆ ಮಾಡಬೇಕು ಅಂತ ಹೆರಿಗೆ ಸೌಲಭ್ಯ ಕಾಯಿದೆಯ 2017ರ ತಿದ್ದುಪಡಿಯಲ್ಲೇ ಬಂದಿದೆ, 26 ವಾರದ ರಜೆಯ ಜೊತೆಗೆ. ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ಮಗುವನ್ನು ನೋಡಬಹುದು. ಮಾಡಿದವರು ಎಷ್ಟು ಜನ ಅಂತ ಕೇಳಬೇಡಿ, ನಾನು ಕಣ್ಣಾರೆ ನೋಡಿದ್ದು ಒಂದೇ ಒಂದು, ಅದರಲ್ಲಿ ಈಗ ಹಳೆಯ ಕುರ್ಚಿಗಳು ಇವೆ.

ಉಪ್ಪಳದ ಅಕ್ಕ ಹೇಳಿದ ಹಾಗೆ ರೈಲಿನಲ್ಲಿ ಮಗುವನ್ನು ಕೊಂಡುಹೋಗುವುದು ಕಷ್ಟ, ಒಪ್ಪಿದೆ. ಆದರೆ ಬೇರೆ ಎರಡು ವಿಷಯ ನಿಮಗೆ ಉಪಯೋಗಕ್ಕೆ ಬರುತ್ತದೆ. ಮಗುವಿಗೆ 15 ತಿಂಗಳು ಆಗುವ ತನಕ ಹಾಲೂಡಿಸಲು ದಿನಕ್ಕೆ ಎರಡು ಬಿಡುವು ಕೊಡಬೇಕು, ಊಟದ ಹೊತ್ತು ಬಿಟ್ಟು. ಆ ಬಿಡುವಿನಲ್ಲಿ ಹಾಲು ಹಿಂಡಿ ಇಡಬಹುದು. ಇನ್ನೊಂದು, ಕೆಲಸದ ಸ್ವಭಾವ ಹೊಂದಿದರೆ ರಜೆ ಮುಗಿದ ಮೇಲೆ ಮನೆಯಿಂದ ಕೆಲಸ ಮಾಡಲು ಕಂಪೆನಿಯ ಜೊತೆ ಮಾತಾಡಿ ಒಪ್ಪಿಸಿಕೊಳ್ಳಬಹುದು. ಅಕೌಂಟ್ಸ್ ಅಂದರೆ ಧಾರಾಳ ಹೊಂದುತ್ತದೆ. ಐದೂ ದಿನ ಕೇಳಬೇಡಿ, ಎರಡು ದಿನ ಕೇಳಿ, ಒಂದು ಸಿಗುತ್ತದೆ. ಬಾಯಲ್ಲಿ ಕೇಳಬೇಡಿ. ಇಮೇಲ್ ಮಾಡಿ. ಬಾಯಲ್ಲಿ ಕೇಳಿದರೆ "ನೋಡೋಣ" ಅನ್ನುತ್ತಾರೆ, ಇಮೇಲಿಗೆ "ನೋಡೋಣ" ಅಂತ ಬರೆಯಲು ಎಲ್ಲರಿಗೂ ಸ್ವಲ್ಪ ಹೆದರಿಕೆ.

ಮತ್ತೆ ಒಂದು ತಮಾಷೆ. ನನ್ನ ಅತ್ತಿಗೆ ಕೇಂದ್ರ ಸರಕಾರದ ಕೆಲಸದಲ್ಲಿದ್ದಾರೆ. ಅವರಿಗೆ ಮಕ್ಕಳನ್ನು ನೋಡಿಕೊಳ್ಳಲು ಇಡೀ ಸರ್ವಿಸಿನಲ್ಲಿ 730 ದಿನ ರಜೆ. ಒಂದೇ ಮನೆಯಲ್ಲಿ ನನ್ನ ಹೆಂಡತಿಗೆ ಖಾಸಗಿ ಶಾಲೆಯಲ್ಲಿ ಒಂದು ದಿನಕ್ಕೂ ಪತ್ರ ಬರೆಯಬೇಕು. ಹಬ್ಬಕ್ಕೆ ಸೇರಿದಾಗ ಈ ವಿಷಯ ನಾವು ತೆಗೆಯುವುದಿಲ್ಲ.

—

ಮಧೂರಿನ ಅಜ್ಜ, ಮೇ 14

ಭಾಷೆಯ ಪ್ರಶ್ನೆಗೆ ಯಾರೂ ಉತ್ತರ ಕೊಡಲಿಲ್ಲ, ನಾನು ಕೊಡುತ್ತೇನೆ. ನನ್ನ ಮೊಮ್ಮಗನನ್ನು ಎಂಟು ತಿಂಗಳಿನಿಂದ ಒಬ್ಬರು ಚೇಚಿ (ಮಲಯಾಳದಲ್ಲಿ ಅಕ್ಕ) ನೋಡಿಕೊಂಡದ್ದು. ಇಲ್ಲಿಯ ಮಲಯಾಳದಲ್ಲಿ ವಕಾರ ಬಕಾರ ಆಗುವುದು ನಿಮಗೆ ಗೊತ್ತಲ್ಲ. ವೆಳ್ಳಂ ಅನ್ನುವುದಿಲ್ಲ, ಬೆಳ್ಳಂ ಅನ್ನುತ್ತಾರೆ. ಮಗು ಒಂದು ದಿನ ನನ್ನ ಹೆಂಡತಿಯ ಸೆರಗು ಹಿಡಿದು "ಬೆಳ್ಳ, ಬೆಳ್ಳ" ಅಂದಿತು. ಇವಳಿಗೆ ಖುಷಿಯೋ ಖುಷಿ. ಮಗುವಿಗೆ ಮಾತು ಬಂತು, ಬೆಲ್ಲ ಕೇಳುತ್ತದೆ ಅಂತ ಡಬ್ಬ ತೆಗೆದು ಒಂದು ತುಂಡು ಬಾಯಿಗೆ ಇಟ್ಟಳು. ಅದು ತಿಂದು ಮತ್ತೆ "ಬೆಳ್ಳ". ಮತ್ತೊಂದು ತುಂಡು. ಮೂರನೆಯದಕ್ಕೆ ಉಗುಳಿ ಕಿರುಚಲು ಶುರು. ಸಂಜೆ ಚೇಚಿ ಬಂದು ಕೇಳಿ ಹಣೆ ಹಣೆ ಬಡಿದುಕೊಂಡರು. ಪಾಪ, ಅದಕ್ಕೆ ಬಾಯಾರಿತ್ತು. ಕೇಳಿದ್ದು ನೀರು.

ಈಗ ಅವನಿಗೆ ಆರು ವರ್ಷ. ನನ್ನ ಹತ್ತಿರ ಕನ್ನಡ, ಚೇಚಿಯ ಹತ್ತಿರ ಮಲಯಾಳ, ಬೀದಿಯಲ್ಲಿ ತುಳು. ಯಾರ ಮುಖ ನೋಡಿದರೆ ಯಾವ ಭಾಷೆ ಅಂತ ಅವನೇ ಇಟ್ಟುಕೊಂಡಿದ್ದಾನೆ. ಕನ್ನಡ ಉಳಿಯುವುದು ಬಿಡುವುದು ನೋಡಿಕೊಳ್ಳುವವರಿಂದ ಅಲ್ಲ. ಸಂಜೆ ಏಳಕ್ಕೆ ಮನೆಗೆ ಬಂದ ಅಪ್ಪ ಅಮ್ಮ ಮೊಬೈಲ್ ನೋಡುತ್ತಾರಾ, ಮಗುವಿನ ಹತ್ತಿರ ಮಾತಾಡುತ್ತಾರಾ, ಅದರಿಂದ. ನಿಮ್ಮ ಅತ್ತೆಯ ಹತ್ತಿರ ದಿನಾ ಫೋನಿನಲ್ಲಿ ಒಂದು ಕತೆ ಹೇಳಿಸಿ. ಅವರ ಚಿಂತೆಯೂ ಕಡಿಮೆ ಆಗುತ್ತದೆ.

ಆದರೆ ಒಂದು ಮಾತು. ಪುತ್ತೂರಿನಲ್ಲೋ ಮಂಗಳೂರಿನಲ್ಲೋ ಮಗುವನ್ನು ಬಿಡುವ ಯೋಚನೆ ಇದ್ದರೆ ಬೇಡ. 2020ರ ಮಾರ್ಚಿನಲ್ಲಿ ಕೊರೋನಾ ಅಂತ ತಲಪಾಡಿಯಲ್ಲಿ ಕೇರಳ ಕರ್ನಾಟಕ ಗಡಿ ಮುಚ್ಚಿದಾಗ ನನ್ನ ಮಗಳ ಮಗು ಮಂಗಳೂರಿನಲ್ಲಿ ಅದರ ಇನ್ನೊಬ್ಬಳು ಅಜ್ಜಿಯ ಮನೆಯಲ್ಲಿ ಇತ್ತು. ಎರಡು ದಿನಕ್ಕೆ ಅಂತ ಹೋದದ್ದು. ಒಳದಾರಿಗಳಿಗೂ ಮಣ್ಣು ಸುರಿದಿದ್ದರು. ಅಪ್ಪ ಅಮ್ಮ ಮಗುವನ್ನು ಫೋನಿನಲ್ಲಿ ನೋಡಿ ದಿನ ದೂಡಿದರು. ಅಂಥದ್ದು ಮತ್ತೆ ಬರುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ. ಇರಬಹುದು. ನನಗೆ ಆ ಮಣ್ಣಿನ ರಾಶಿ ಮರೆತುಹೋಗುವುದಿಲ್ಲ.

—

ಉಪ್ಪಳದ ರೈಲಮ್ಮ, ಮೇ 14

ಅಜ್ಜನ ಬೆಲ್ಲದ ಕತೆ ಓದಿ ನಗು ತಡೆಯಲಾಗಲಿಲ್ಲ. ಅಂದ ಹಾಗೆ ಗಡಿ ಅಂದಾಗ ನೆನಪಾಯಿತು, ರಜೆಗಳ ಲೆಕ್ಕ ಈಗಲೇ ಹಾಕಿ. ಓಣಂಗೆ ಇಲ್ಲಿ ಎಲ್ಲ ಬಂದ್, ಮಂಗಳೂರಿನಲ್ಲಿ ಕೆಲಸ. ಹರತಾಳದ ದಿನ ಇಲ್ಲಿ ರಿಕ್ಷಾ ಇಲ್ಲ, ಅಲ್ಲಿ ಹಾಜರಿ. ಮಳೆಗಾಲದಲ್ಲಿ ಕಲೆಕ್ಟರ್ ರಜೆ ಕೊಟ್ಟರೆ ಅಂಗನವಾಡಿಗೂ ರಜೆ, ಟ್ಯೂಷನ್ನಿಗೂ ರಜೆ, ಅಪ್ಪ ಅಮ್ಮನಿಗೆ ಮಾತ್ರ ಇಲ್ಲ. ಆ ರಜೆ ಗೊತ್ತಾಗುವುದೂ ಹಿಂದಿನ ರಾತ್ರಿ ಅಥವಾ ಬೆಳಗ್ಗೆ.

—

ವಿದ್ಯಾನಗರದ ಬಾಣಂತಿ, ಆಗಸ್ಟ್ 9

ಮೂರು ತಿಂಗಳಾಯಿತು, ಏನಾಯಿತು ಅಂತ ಇಬ್ಬರು ಮೆಸೇಜ್ ಮಾಡಿ ಕೇಳಿದರು. ಬರೆಯುತ್ತೇನೆ.

ಐಸಿಡಿಎಸ್ ಆಫೀಸಿಗೆ ಹೋದೆ, ಟೀಚರ್ ಹೇಳಿದ ಹಾಗೆ ಮಗುವನ್ನು ಎತ್ತಿಕೊಂಡೇ. ಕೂರಲು ಕುರ್ಚಿ ಕೊಟ್ಟರು. ಕ್ರೆಷ್ ಇರುವ ಅಂಗನವಾಡಿ ನಮ್ಮ ಮನೆಯಿಂದ ದೂರ, ಎರಡು ಬಸ್ಸು. ಆಗುವುದಿಲ್ಲ. ಆಶಾ ಕಾರ್ಯಕರ್ತೆಯಿಂದ ಕೆಲಸ ಆಯಿತು. ಅವರು ಕುಡುಂಬಶ್ರೀಯ ಆದಿತ್ಯವಾರದ ಮೀಟಿಂಗಿನಲ್ಲಿ ಹೇಳಿದರು. ಮರುದಿನ ಇಬ್ಬರು ಬಂದರು. ಒಬ್ಬರು ಬಂದ ಕೂಡಲೇ ಮಗುವನ್ನು ಕೈಗೆ ತೆಗೆದುಕೊಂಡು ಕುಣಿಸಿದರು, ಚಂದವೇ. ಇನ್ನೊಬ್ಬರು ಬಾಗಿಲಲ್ಲಿ ನಿಂತು ಮೊದಲು ಕೈ ತೊಳೆಯಲು ನೀರು ಎಲ್ಲಿ ಅಂತ ಕೇಳಿದರು. ಆಮೇಲೆ ಮಗುವಿನ ಎದುರು ಕೂತು ಏನೋ ಹೇಳಿದರು, ಮಗಳು ಅವರ ಮೂಗುತಿ ನೋಡಿದಳು, ಆಮೇಲೆ ಎತ್ತಿದರು. ಟೀಚರ್, ನಾನು ಅಡಿಗೆಮನೆಯಿಂದ ನೋಡುತ್ತಾ ಇದ್ದೆ.

ಅವರೇ ಈಗ ನಮ್ಮ ಚೇಚಿ. ಎರಡು ಗಲ್ಲಿ ಆಚೆ ಮನೆ, ಮಕ್ಕಳು ದೊಡ್ಡವರು. ಒಂಬತ್ತೂಕಾಲಿನಿಂದ ಐದೂವರೆ, ನಮ್ಮ ಮನೆಯಲ್ಲೇ. ತಿಂಗಳಿಗೆ 11 ಸಾವಿರ. ಜೂನ್ 8ರಿಂದಲೇ ಬರಲು ಹೇಳಿದೆ, ನಾನು ಮನೆಯಲ್ಲಿ ಇರುವಾಗಲೇ. ಮೊದಲ ಮೂರು ದಿನ ನಾನು ಎದುರಿಗೆ ಇದ್ದೆ. ಆಮೇಲೆ ಒಂದು ಗಂಟೆ ಪೇಟೆಗೆ, ಆಮೇಲೆ ಅರ್ಧ ದಿನ. ಅರ್ಧ ದಿನ ಹೋಗಲು ಜಾಗ ಇಲ್ಲದೆ ಕಾಸರಗೋಡು ರೈಲ್ವೆ ಸ್ಟೇಷನ್ನಿನ ಬೆಂಚಿನಲ್ಲಿ ಕೂತಿದ್ದೆ.

ಚೇಚಿಗೆ ಒಂದು ನೋಟ್‌ಬುಕ್ ಕೊಟ್ಟೆ, ಹಾಲು ನಿದ್ದೆ ಎಲ್ಲ ಗಂಟೆ ಹಾಕಿ ಬರೆಯಲಿಕ್ಕೆ. ಅವರು ಮಲಯಾಳದಲ್ಲಿ ಬರೆಯುತ್ತಾರೆ. ಮೊದಲ ವಾರ ಇವರು ಓದಿ ಹೇಳುತ್ತಿದ್ದರು, ಆಮೇಲೆ ನಾನೇ ಅಕ್ಷರ ಕೂಡಿಸಲು ಶುರು ಮಾಡಿದೆ, ಕೆಲವು ನಮ್ಮ ತುಳು ಲಿಪಿಯ ಹಾಗೇ ಕಾಣುತ್ತದೆ. 10.20 ಪಾಲ್. 11.05 ಉರಙ್ಙಿ, ಅಂದರೆ ಮಲಗಿತು. ಮತ್ತೆ ದಿನಕ್ಕೆ ಮೂರು ನಾಲ್ಕು ಸಲ "ಕರಞ್ಞು". ಕೇಳಲು ಹೋಗಲಿಲ್ಲ, ನನಗೇ ಗೊತ್ತಾಯಿತು ಅಂದುಕೊಂಡೆ. ಕರೆಯಿತು. ಅಮ್ಮನನ್ನು ಕರೆಯುತ್ತದೆ, ಆ ಆ ಅಂತ, ಅವಳು ಹಾಗೆ ಮಾಡುವುದು ಉಂಟು. ರೈಲಿನಲ್ಲಿ ಪಕ್ಕದವರಿಗೂ ಹೇಳಿದೆ, ನನ್ನ ಮಗಳು ದಿನಕ್ಕೆ ನಾಲ್ಕು ಸಲ ನನ್ನನ್ನು ಕರೆಯುತ್ತಾಳಂತೆ ಅಂತ. ಅವರು ಕುಂಬಳೆಯವರು, ಚೆನ್ನಾಗಿ ಮಲಯಾಳ ಗೊತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಮೆಲ್ಲ ಹೇಳಿದರು, ಕರಞ್ಞು ಅಂದರೆ ಅತ್ತಿತು ಅಂತ.

ಮಧೂರಿನ ಅಜ್ಜ, ನಿಮ್ಮ ಬೆಲ್ಲದ ಕತೆಗೆ ನಕ್ಕದ್ದಕ್ಕೆ ಶಿಕ್ಷೆ ಇರಬೇಕು.

ಈಗ ಪುಸ್ತಕದಲ್ಲಿ ಆ ಮಾತು ದಿನಕ್ಕೆ ಒಂದು ಸಲ, ಅದೂ ಸಂಜೆ ನಾಲ್ಕೂವರೆಗೆ. ಚೇಚಿ ಅದನ್ನು ಮುಚ್ಚಿಡದೆ ಬರೆಯುತ್ತಾರೆ, ಅದರಿಂದಲೇ ನನಗೆ ಅವರ ಮೇಲೆ ನಂಬಿಕೆ ಬಂದದ್ದು.

ಎಲ್ಲ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ಜುಲೈಯಲ್ಲಿ ರೆಡ್ ಅಲರ್ಟ್ ಅಂತ ರಜೆ ಕೊಟ್ಟ ದಿನ ಚೇಚಿಯ ಮೊಮ್ಮಗನ ಅಂಗನವಾಡಿ ಬಂದ್, ಅವನನ್ನೂ ಕರೆದುಕೊಂಡು ಬಂದರು. ಅವನಿಗೆ ಮೂಗು ಸುರಿಯುತ್ತಿತ್ತು. ಎರಡು ದಿನದಲ್ಲಿ ನಮ್ಮವಳಿಗೆ, ಆಮೇಲೆ ಇವರಿಗೆ, ಕೊನೆಗೆ ನನಗೆ. ಬೈಯಲು ಮನಸ್ಸು ಬರಲಿಲ್ಲ. ಅವರೂ ಯಾರ ಹತ್ತಿರ ಬಿಟ್ಟು ಬರಬೇಕು?

ಕಂಪೆನಿಗೆ ಇಮೇಲ್ ಮಾಡಿದೆ. ಗುಮಾಸ್ತರು ಹೇಳಿದ್ದು ಅಕ್ಷರಶಃ ಸರಿ, ಎರಡು ದಿನ ಕೇಳಿದೆ, ಒಂದು ಕೊಟ್ಟರು. ಬುಧವಾರ ಮನೆಯಿಂದ ಕೆಲಸ. ಎರಡು ಬಿಡುವೂ ಸಿಕ್ಕಿತು. ಜಾಗ ಮಾತ್ರ ಹಳೆಯ ಫೈಲಿನ ಕೋಣೆ, ಬಾಗಿಲಿಗೆ ಚಿಲಕ ಇಲ್ಲ. ಒಂದು ಸ್ಟೂಲ್ ಅಡ್ಡ ಇಟ್ಟು ಕೂರುತ್ತೇನೆ, ಎದುರಿಗೆ 2011ರ ವೋಚರ್‌ಗಳು. ಕ್ರೆಷ್ ಬಗ್ಗೆ ಕೇಳಿದ್ದಕ್ಕೆ ಇನ್ನೂ ಉತ್ತರ ಇಲ್ಲ. ನಾವು 70 ಜನ ಇದ್ದೇವೆ.

ಆರು ತಿಂಗಳು ತುಂಬಿದ ಮೇಲೆ ರಾಗಿ ಮಣ್ಣಿ ಶುರು ಮಾಡಿದೆವು. ರಾತ್ರಿ ನಾನೇ ರಾಗಿ ನೆನೆಹಾಕುತ್ತೇನೆ, ಬೆಳಗ್ಗೆ ಅರೆದು ಬಟ್ಟೆಯಲ್ಲಿ ಸೋಸಿ ಹಾಲು ತೆಗೆದು ಇಟ್ಟು ಹೋಗುತ್ತೇನೆ. ಕಾಯಿಸುವುದು ಚೇಚಿ. ಅವರಿಗೆ ಬಾಳೆಕಾಯಿ ಹುಡಿಯ ಮೇಲೆ ಜಾಸ್ತಿ ವಿಶ್ವಾಸ, ಅತ್ತೆಗೆ ರಾಗಿಯ ಮೇಲೆ. ಸೋಮವಾರ ಬುಧವಾರ ಶುಕ್ರವಾರ ರಾಗಿ, ಉಳಿದ ದಿನ ಬಾಳೆಕಾಯಿ ಅಂತ ರಾಜಿ ಆಗಿದೆ. ಮಗಳು ಎರಡನ್ನೂ ಕಿವಿಯ ತನಕ ಹಚ್ಚಿಕೊಳ್ಳುತ್ತಾಳೆ.

ಓಣಂಗೆ ಚೇಚಿ ನಾಲ್ಕು ದಿನ ಬರುವುದಿಲ್ಲ. ಮೊದಲೇ ಹೇಳಿದ್ದಾರೆ. ನನಗೆ ಎರಡು ದಿನ ರಜೆ ಸಿಗಬಹುದು, ಇವರಿಗೆ ಹೇಗೂ ರಜೆ. ಆದರೂ ಅತ್ತೆ ದನಗಳನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬರುತ್ತೇನೆ ಅಂದಿದ್ದಾರೆ. ಮೀಯಿಸಲು ಒಂದು ಒಳ್ಳೆಯ ಅಡಿಕೆ ಹಾಳೆ ತರುತ್ತಾರಂತೆ, ನಿಮ್ಮ ಪ್ಲಾಸ್ಟಿಕ್ ಟಬ್ ಬೇಡ ಅಂತ. ಟಬ್ ತೆಗೆದು ಅಟ್ಟದ ಮೇಲೆ ಇಟ್ಟಿದ್ದೇನೆ.

—

ಕುಂಬಳೆ ಟೀಚರ್, ಆಗಸ್ಟ್ 9

ಫೈಲಿನ ಕೋಣೆಗೆ ಒಂದು ಚಿಲಕ ಹಾಕಿಸಿ ಅಂತ ಇನ್ನೊಂದು ಇಮೇಲ್ ಮಾಡಿ. ನ್ಯೂಟ್ರಿಮಿಕ್ಸ್ ತೆಗೆದುಕೊಂಡಿರಾ ಇಲ್ವಾ? ಅದನ್ನು ಬರೆಯಲೇ ಇಲ್ಲ.

—

ವಿದ್ಯಾನಗರದ ಬಾಣಂತಿ, ಆಗಸ್ಟ್ 10

ತೆಗೆದುಕೊಂಡೆ ಟೀಚರ್. ಮಗಳು ಮುಖ ತಿರುಗಿಸಿದಳು. ಇವರು ಬೆಲ್ಲ ತೆಂಗಿನತುರಿ ಹಾಕಿ ಉಂಡೆ ಮಾಡಿ ಆಫೀಸಿಗೆ ತೆಗೆದುಕೊಂಡು ಹೋಗುತ್ತಿದ್ದಾರೆ. ದಯವಿಟ್ಟು ಯಾರಿಗೂ ಹೇಳಬೇಡಿ.